ಒಂದೇ ಕುದಿಯ ಗೂಡುಗಳು

ನನ್ನ ತಂಗಿ ಹೊನ್ನಿ ಕಲ್ಲಿನ ಮೇಲೆ ನಿಂತು, ತಾನು ತಿನ್ನದೇ ಇದ್ದ ಎರಡು ಹೋಳಿಗೆಗಳನ್ನು ತಿಂದೆನೆಂದು ಊರಿನೆದುರು ಹೇಳಿದಳು. ನಾನು ಜನರ ನಡುವೆ ನಿಂತಿದ್ದೆ. ಅವಳು ತಿಂದಿಲ್ಲವೆಂದು ನನಗೆ ಗೊತ್ತಿತ್ತು. ಅವಳ ಗೂಡು ಯಾಕೆ ಸತ್ತಿತೆಂಬುದೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಈಗ ಇದನ್ನೆಲ್ಲ ಹೇಳುವಾಗ ಯಾರ ಯಾರ ಮೇಲೆ ನನಗೆ ಸಿಟ್ಟು ಬರುತ್ತದೆಂದು ಕೇಳಿದರೆ, ಮೊದಲು ನನ್ನ ಹೆಸರನ್ನೇ ಹೇಳುತ್ತೇನೆ. ನನ್ನ ಹೆಸರು ಸಾಕಮ್ಮ. ಗೂಡುಮನೆಯಲ್ಲಿ ರೇಷ್ಮೆ ಕುದಿಸುವ ಕೆಲಸ ನನ್ನದು.

ನಮ್ಮ ಊರಿನಲ್ಲಿ ಮನೆಗೊಬ್ಬರಾದರೂ ಸಕ್ಕರೆ ಕಾಯಿಲೆಯವರಿದ್ದಾರೆ. ವಯಸ್ಸಾದ ಮೇಲೆ ಬರುವ ಕಾಯಿಲೆಯಲ್ಲ ಇದು. ಆಡುವ ವಯಸ್ಸಿನಲ್ಲೇ ಮೈ ತನ್ನೊಳಗಿನ ಇನ್ಸುಲಿನ್ ಮಾಡುವ ಕಣಗಳನ್ನು ಹಗೆಗಳೆಂದು ತಿಳಿದು ಕೊಂದುಹಾಕುತ್ತದೆ. ಮೊದಲೆಲ್ಲ ಅಂಥವರು ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡು ಬದುಕುತ್ತಿದ್ದರು, ಇಲ್ಲವೇ ಬದುಕುತ್ತಿರಲಿಲ್ಲ. ಆಮೇಲೆ ಗೂಡು ಬಂತು. ಗೂಡುಮನೆಯಲ್ಲಿ ರೇಷ್ಮೆಯನ್ನು ಕುದಿಸಿ, ಕರಗಿಸಿ, ಬೆಂಡಿನಂತೆ ಹಗುರವಾಗಿ ತೂತುತೂತಾಗಿ ಎರೆಯುತ್ತಾರೆ. ಆ ತೂತುಗಳಲ್ಲಿ ಇನ್ಸುಲಿನ್ ಕಣಗಳನ್ನು ಬಿತ್ತಿ ಬೆಳೆಸುತ್ತಾರೆ. ಮೇಲೆ ತೆಳ್ಳನೆಯ ಪೊರೆ ಹೊದಿಸಿ, ಹೊಕ್ಕುಳಿನ ಪಕ್ಕ ಚರ್ಮದ ಕೆಳಗಿಟ್ಟು ಹೊಲಿಯುತ್ತಾರೆ. ರಕ್ತದ ಸಕ್ಕರೆ ಪೊರೆ ದಾಟಿ ಒಳಗೆ ಹೋಗಬೇಕು, ಇನ್ಸುಲಿನ್ ಹೊರಗೆ ಬರಬೇಕು, ಮೈಯ ಕಾವಲಿನ ಕಣಗಳು ಮಾತ್ರ ಒಳಗೆ ನುಗ್ಗಬಾರದು. ಒಂದು ಗೂಡು ಐದು ವರ್ಷ ಬಾಳುತ್ತದೆ.

ಬದುಕಿರುವ ಗೂಡು ಮೇಯುತ್ತದೆ. ಊಟವಾದ ಕಾಲು ಗಂಟೆಗೆ ಹೊಟ್ಟೆಯ ಹತ್ತಿರ ಕಿವಿಯಿಟ್ಟರೆ, ತಟ್ಟೆಯ ತುಂಬ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಕೇಳುವಂಥ ಸರಸರ ಸದ್ದು ಕೇಳುತ್ತದೆ. ಮದುವೆಮನೆಗಳಲ್ಲಿ ಒಂದು ಪಂಕ್ತಿ ಎದ್ದ ಮೇಲೆ ಐದು ನಿಮಿಷ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಗೂಡಿನವರು ಕೈಯೊರೆಸಿಕೊಂಡು ಸುಮ್ಮನೆ ಕೂತು ತಮ್ಮ ತಮ್ಮ ಗೂಡು ಮೇಯುವುದನ್ನು ಕೇಳಿಕೊಳ್ಳುತ್ತಾರೆ. ಆ ಸದ್ದು ನಿಂತರೆ ಗೂಡು ಸತ್ತಿತೆಂದೇ ಅರ್ಥ.

ಐದು ವರ್ಷ ತುಂಬಿ ಸತ್ತರೆ ತಪ್ಪಿಲ್ಲ. ಅದಕ್ಕಿಂತ ಮುಂಚೆ ಸತ್ತರೆ ಹೊತ್ತವರದೇ ತಪ್ಪು. ಅವರು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಗೂಡುಮನೆಯ ಮುಂದಿನ ಕಲ್ಲನ್ನು ಹತ್ತಿ, ಏನು ತಿಂದು ಗೂಡನ್ನು ಕೊಂದೆವೆಂದು ಗಟ್ಟಿಯಾಗಿ ಹೇಳಬೇಕು. ಹೇಳಿದ್ದನ್ನು ಹೆಸರಿನ ಸಮೇತ ಕರಿಹಲಗೆಯ ಮೇಲೆ ಬರೆಯುತ್ತಾರೆ. ಹೇಳಿದವರಿಗೆ ಹೊಸ ಗೂಡಿನ ಸರದಿ ಸಿಗುತ್ತದೆ, ಅಲ್ಲಿಯವರೆಗೆ ಐಸ್ ಪೆಟ್ಟಿಗೆಯಲ್ಲಿರುವ ಇನ್ಸುಲಿನ್ ಸೂಜಿಯೂ ಸಿಗುತ್ತದೆ. ಹೇಳದವರಿಗೆ ಎರಡೂ ಇಲ್ಲ, ಊರಿನಲ್ಲಿ ಸೂಜಿ ಬೇರೆಲ್ಲೂ ಸಿಗುವುದಿಲ್ಲ. ಊರು ಇದಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ ಏನು ಹೇಳಬೇಕೆಂದು ಹೇಳಿಕೊಡುವವರೂ ಇದ್ದರು. ಹಲಸಿನಹಣ್ಣು ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬೆಲ್ಲ ಅಂದರೆ ಗೊಣಗುತ್ತಾರೆ. ಜಾಮೂನು ಅಂದವರ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಅಂಗಡಿಯವರು ಗೂಡಿನವರಿಗೆ ಸಕ್ಕರೆ ಕಟ್ಟುವಾಗ, "ಯಾರಿಗೆ ಇದು?" ಎಂದು ಕೇಳಿಯೇ ಕಟ್ಟುತ್ತಿದ್ದರು. ನಾವೂ ಉತ್ತರ ಹೇಳಿಯೇ ತರುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ಬುಡನ್ ಸಾಬರು. ಗೂಡುಮನೆ ಬರುವ ಮುಂಚೆ ಅವರು ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದಲ್ಲಿದ್ದವರು. ಕುದಿಯುವ ನೀರಿನಲ್ಲಿ ರೇಷ್ಮೆಹುಳುವಿನ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳೆಲ್ಲ ಬೆಳ್ಳಗಾಗಿ ರೇಖೆಗಳೇ ಉಳಿದಿರಲಿಲ್ಲ. ರೇಷ್ಮೆಯ ಎಳೆಯ ಮೇಲೆ ಹುಳು ಬಿಟ್ಟ ಅಂಟು ಇರುತ್ತದೆ. ಸೀರೆಗಾದರೆ ಅದು ಅಷ್ಟಿಷ್ಟು ಉಳಿದರೆ ನಷ್ಟವಿಲ್ಲ. ಮೈಯೊಳಗೆ ಇಡುವ ರೇಷ್ಮೆಯಲ್ಲಿ ಒಂದು ಚೂರೂ ಉಳಿಯಬಾರದು. "ಮೂರು ಕುದಿ, ಮಗಾ," ಎಂದು ಸಾಬರು ಹೇಳಿಕೊಟ್ಟಿದ್ದರು. "ದಿನಕ್ಕೊಂದು. ಪ್ರತಿ ಸಲ ಹೊಸ ನೀರು, ಹೊಸ ಸೋಡಾ. ಮೈ ಅನ್ನೋದು ಬಾಳ ಅನುಮಾನದ ಮನುಷ್ಯ. ಅಂಟು ಕಂಡ್ರೆ ಸುತ್ತ ಗೋಡೆ ಕಟ್ಬಿಡ್ತದೆ." ಅವರಿಗೂ ಗೂಡಿತ್ತು. ಕಣ್ಣು ಮಂಜಾದ ಮೇಲೆ ಅವರು ಕೆಲಸ ಬಿಟ್ಟರು, ಕುದಿಸುವ ಬಾನಿ ನನ್ನ ಕೈಗೆ ಬಂತು. ಹದಿಮೂರು ವರ್ಷ ಮೂರು ಕುದಿಯನ್ನು ನಾನು ತಪ್ಪಿಸಿದವಳಲ್ಲ.

ಕಳೆದ ವರ್ಷ ಗೂಡುಮನೆಗೆ ಹೊಸ ಕಟ್ಟಡ ಎದ್ದಿತು. ಅದನ್ನು ತೆರೆಯಲು ದೊಡ್ಡವರು ಯಾರೋ ಬರುವವರಿದ್ದರು. ಮೇನೇಜರ್ ನಾಗಭೂಷಣಯ್ಯನವರು ಬಾನಿಯ ಹತ್ತಿರ ಬಂದವರೇ, "ಸಾಕಮ್ಮ, ಅವತ್ತಿಗೆ ನಲವತ್ತು ಗೂಡು ರೆಡಿ ಇರಬೇಕು," ಅಂದರು. ತಿಂಗಳಿಗೆ ಎಂಟು ಮಾಡುವ ಜಾಗ ಅದು.

"ಆಗಲ್ಲ ಸಾರ್. ಮೂರು ಕುದಿ ಕುದಿಸ್ಬೇಕು. ಇರೋದು ಎರಡು ಬಾನಿ," ಅಂದೆ.

"ಒಂದೇ ಕುದಿ ಕುದಿಸು. ಸೋಡಾ ಜಾಸ್ತಿ ಹಾಕು."

"ಸೋಡಾ ಜಾಸ್ತಿ ಆದ್ರೆ ಎಳೆ ಸಾಯ್ತದೆ, ಅಂಟು ಹೋಗಲ್ಲ ಸಾರ್."

"ನೀನೇನು ಡಾಕ್ಟರಾ? ನಿಂಗೆ ಆಗಲ್ಲ ಅಂದ್ರೆ ಹೇಳು, ಬಾನಿ ಮುಂದೆ ನಿಲ್ಲೋಕೆ ಬೇರೆಯವರು ಇದಾರೆ."

ನಾನು ಒಲೆಗೆ ಸೌದೆ ಹಾಕಿದೆ. ಒಂದೇ ಕುದಿ ಕುದಿಸಿದೆ. ನೀರಿನಿಂದೆತ್ತಿದ ರೇಷ್ಮೆ ಕೈಗೆ ಜಾರುತ್ತಿತ್ತು. ಹಿಂಡಿ, ನಲವತ್ತು ಕಂತೆ ಮಾಡಿ, ಒಂದೊಂದಕ್ಕೂ ಅದು ಯಾರಿಗೆ ಹೋಗಬೇಕೋ ಅವರ ಹೆಸರು ಬರೆದ ಬಟ್ಟೆ ಕಟ್ಟಿ, ಕಣ ಬಿತ್ತುವ ಮಹಡಿಗೆ ಕಳಿಸಿದೆ. ಹದಿನಾಲ್ಕನೆಯ ಕಂತೆಗೆ ಬುಡನ್ ಸಾಬರ ಹೆಸರಿತ್ತು, ಅವರ ಹಳೆಯದಕ್ಕೆ ಐದು ವರ್ಷ ತುಂಬಿತ್ತು. ಇಪ್ಪತ್ತೇಳನೆಯದಕ್ಕೆ ನನ್ನ ತಂಗಿಯ ಹೆಸರು. ಆ ಎರಡು ಕಂತೆಗಳನ್ನಾದರೂ ಪಕ್ಕಕ್ಕಿಟ್ಟು ಇನ್ನೆರಡು ಸಲ ಕುದಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಆ ಪ್ರಶ್ನೆಯನ್ನು ಪ್ರತಿದಿನ ಕೇಳಿಕೊಂಡಿದ್ದೇನೆ. ಅವತ್ತು ಸಂಜೆಯೊಳಗೆ ಕಳಿಸಬೇಕಿತ್ತು, ಕಳಿಸಿದೆ. ಏನೂ ಆಗಲಾರದೆಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಉತ್ತರ.

ಕಟ್ಟಡ ತೆರೆದರು, ಚಪ್ಪಾಳೆ ತಟ್ಟಿದರು. ನಲವತ್ತು ಗೂಡೂ ಚೆನ್ನಾಗಿಯೇ ಮೇಯತೊಡಗಿದವು. ಹೊನ್ನಿಗೆ ಆಗ ಇಪ್ಪತ್ತೆರಡು. ಅಪ್ಪ ಅವ್ವ ಇಬ್ಬರೂ ಇಲ್ಲದ ಮನೆಯಲ್ಲಿ ನಾನೇ ಅವಳನ್ನು ಬೆಳೆಸಿದ್ದು. ರವಿಕೆ ಹೊಲಿಯುತ್ತಿದ್ದಳು, ಕೆಲಸ ಬಹಳ ಅಚ್ಚುಕಟ್ಟು. ನಾಲ್ಕು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಮುದ್ದೆ ಉಂಡು ಕೈತೊಳೆದು ಗೋಡೆಗೊರಗಿದವಳು, "ಅಕ್ಕ, ಬಾ ಇಲ್ಲಿ, ಕೇಳು," ಅಂದಳು. ನಾನು ಅವಳ ಹೊಟ್ಟೆಗೆ ಕಿವಿಯಿಟ್ಟೆ. ಉಸಿರಾಟದ ಸದ್ದೊಂದೇ ಇತ್ತು.

"ಏನೂ ತಿಂದಿಲ್ಲ ಕಣಕ್ಕ," ಅಂದಳು ಅವಳು. ನಾನು ಕೇಳಿರಲೇ ಇಲ್ಲ. ನಮ್ಮ ಊರಿನಲ್ಲಿ ಗೂಡು ನಿಂತವರ ಬಾಯಿಂದ ಬರುವ ಮೊದಲ ಮಾತೇ ಅದು.

ಅದಕ್ಕೆ ಆರು ದಿನ ಮುಂಚೆ ಬುಡನ್ ಸಾಬರ ಗೂಡು ನಿಂತಿತ್ತು. ಅದಕ್ಕೂ ಮುಂಚೆ ಕೆಲವರದು, ಆಮೇಲೆ ಇನ್ನೂ ಕೆಲವರದು. ಎಲ್ಲ ಸೇರಿ ಹನ್ನೊಂದು. ಜನ ಮಾತಾಡಿಕೊಂಡದ್ದೇನು ಗೊತ್ತೆ? ಹೊಸ ಕಟ್ಟಡ ಬಂದ ಮೇಲೆ ಗೂಡು ಸುಲಭವಾಗಿ ಸಿಗುತ್ತದೆ, ಹಾಗಾಗಿ ಇವರಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಅಂತ! ಮೇನೇಜರು ಗುರುವಾರದ ಸಭೆಯಲ್ಲಿ ಇದನ್ನೇ ಗಂಟಲು ಸರಿಮಾಡಿಕೊಂಡು ಹೇಳಿದರು. ನಾನು ಕೇಳಿಸಿಕೊಂಡೆ.

ಸಾಬರು ಕಲ್ಲು ಹತ್ತುವುದಿಲ್ಲ ಅಂದರು. ಅವರ ಹೆಂಡತಿ ಖಾತೂನಮ್ಮ ನನ್ನನ್ನು ಕರೆದುಕೊಂಡು ಹೋದರು, ನೀನಾದರೂ ಹೇಳು ಎಂದು. ಸಾಬರು ಜಗಲಿಯ ಚಾಪೆಯ ಮೇಲೆ ಮಲಗಿದ್ದರು. ಪಕ್ಕದಲ್ಲಿ ಎರಡು ಚೊಂಬು ನೀರು, ಎರಡೂ ಖಾಲಿ. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು.

"ಏನಾದ್ರೂ ಒಂದು ಹೇಳ್ಬಿಡಿ ಸಾಬ್ರೇ. ಹಲಸಿನಹಣ್ಣು ಅನ್ನಿ. ಯಾರೂ ಏನೂ ಅನ್ಕೊಳ್ಳಲ್ಲ," ಅಂದೆ.

"ಇಪ್ಪತ್ತು ವರ್ಷ ಆಯ್ತು ನಾನು ಹಲಸಿನಹಣ್ಣು ಮುಟ್ಟಿ," ಅಂದರು ಅವರು. "ತಿನ್ನದೇ ತಿಂದೆ ಅಂದ್ರೆ, ತಿನ್ನದೇ ಇದ್ದ ಅಷ್ಟು ವರ್ಷಾನೂ ನೀರಿಗೆ ಹಾಕ್ದಂಗೆ ಅಲ್ವಾ?"

"ಜೀವ ಉಳೀತದಲ್ಲ."

ಅವರು ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. ತೀರಾ ಮೆಲ್ಲಗೆ ಕೇಳಿದರು: "ಮಗಾ, ಈ ಸಲ ಎಷ್ಟು ಕುದಿ ಕೊಟ್ಟೆ?"

"ಮೂರು," ಅಂದೆ.

ಅವರು ತಲೆಯಾಡಿಸಿದರು. "ಹಂಗಾದ್ರೆ ನನ್ನ ಮೈಯಲ್ಲೇ ಏನೋ ಇರ್ಬೇಕು," ಅಂದರು. ಅವರು ನಂಬಿದರು. ಅದೇ ನನ್ನಿಂದ ಇವತ್ತಿಗೂ ತಡೆಯಲಾಗದ್ದು. ಅವರು ನನ್ನನ್ನು ಬೈದಿದ್ದರೆ, ಸುಳ್ಳು ಅಂದಿದ್ದರೆ, ನಾನು ಅಲ್ಲೇ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಹದಿಮೂರು ವರ್ಷದ ನನ್ನ ಕೆಲಸ ನೋಡಿದ್ದವರು, ಹಾಗಾಗಿ ನಂಬಿದರು. ಗೂಡು ನಿಂತ ಹನ್ನೊಂದನೆಯ ದಿನ ತೀರಿಕೊಂಡರು. ಕೊನೆಯ ದಿನ ಖಾತೂನಮ್ಮ ಅವರನ್ನು ಸೂಜಿಗಾಗಿ ಬೇರೆ ಊರಿಗೆ ಒಯ್ಯಲು ಬಸ್ಸಿಗೆ ಹತ್ತಿಸಿದ್ದರಂತೆ. ಬಸ್ಸು ನಮ್ಮ ಊರಿನ ಸೇತುವೆ ದಾಟುವ ಮುಂಚೆಯೇ ಇಳಿಸಿಕೊಳ್ಳಬೇಕಾಯಿತು.

ಮಣ್ಣಿಗೆ ಹೋಗಿ ಬಂದವರು, "ಒಂದು ಮಾತು ಹೇಳೋಕೆ ಏನಾಗಿತ್ತು ಮುದುಕನಿಗೆ, ಎಂಥ ಹಟ," ಎಂದು ಮಾತಾಡಿಕೊಂಡರು.

ಹೊನ್ನಿಗೆ ಆಗ ಐದನೆಯ ದಿನ. ವಾಂತಿ ಶುರುವಾಗಿತ್ತು. ನಾನು ಅವಳ ಕಾಲು ಹಿಡಿದೆ. "ಹೋಳಿಗೆ ಅಂತ ಹೇಳು. ಪಕ್ಕದ ಮನೆ ನಾಮಕರಣದಲ್ಲಿ ಅಂತ ಹೇಳು. ನನ್ನಾಣೆ."

"ನೀನೂ ನಂಬಲ್ವಾ ನನ್ನ?" ಅಂದಳು.

"ನಂಬ್ತೀನಿ ಕಣೇ. ನಂಬಿಯೇ ಹೇಳ್ತಿರೋದು."

ಗುರುವಾರ ಅವಳನ್ನು ತೋಳು ಹಿಡಿದು ನಡೆಸಿಕೊಂಡು ಹೋದೆ. ಕಲ್ಲು ಸೊಂಟದೆತ್ತರ. ಅವಳಿಗೆ ಹತ್ತಲಾಗದೆ ನಾನೇ ಎತ್ತಿ ನಿಲ್ಲಿಸಿದೆ. ಅವಳು ಹೋಳಿಗೆ ಅಂದಳು. "ಎಷ್ಟು?" ಎಂದು ಯಾರೋ ಕೇಳಿದರು. "ಎರಡು," ಅಂದಳು. "ತುಪ್ಪ ಹಾಕ್ಕೊಂಡಾ?" ಎಂದು ಇನ್ನೊಬ್ಬರು. ಜನ ನಕ್ಕರು. ಅವಳ ಹತ್ತಿರ ರವಿಕೆ ಹೊಲಿಸಿಕೊಂಡಿದ್ದ ಹೆಂಗಸರೂ ನಕ್ಕರು. ಅವಳು ನನ್ನನ್ನೇ ನೋಡುತ್ತ, "ಹೂಂ, ಹಾಕ್ಕೊಂಡೆ," ಅಂದಳು. ನಾಗಭೂಷಣಯ್ಯನವರು ತಾವೇ ಸೀಮೆಸುಣ್ಣ ಹಿಡಿದು ಬರೆದರು: ಹೊನ್ನಮ್ಮ, ಹೋಳಿಗೆ ಎರಡು, ತುಪ್ಪದೊಂದಿಗೆ. ಅಕ್ಷರಗಳು ದುಂಡಗಿದ್ದವು. ಬರೆದು ಎರಡು ಹೆಜ್ಜೆ ಹಿಂದೆ ಸರಿದು, ಸಾಲು ನೇರವಾಗಿದೆಯೇ ಎಂದು ನೋಡಿದರು.

ಅವತ್ತೇ ಸೂಜಿ ಕೊಟ್ಟರು. ಎರಡು ದಿನದಲ್ಲಿ ಹೊನ್ನಿ ಎದ್ದು ಕೂತಳು. ಮುಂದಿನ ಸೋಮವಾರ ಸತ್ತ ಗೂಡನ್ನು ತೆಗೆಯಲು ಮಹಡಿಯ ಡಾಕ್ಟರ್ ಇಂದುಮತಿ ಕರೆಸಿದರು. ತೆಗೆದ ಮೇಲೆ ನನ್ನನ್ನೊಬ್ಬಳನ್ನೇ ಒಳಗೆ ಕರೆದು ಬಟ್ಟಲು ತೋರಿಸಿದರು. ಹೆಬ್ಬೆರಳ ಗಾತ್ರದ ಗೂಡು. ಅದರ ಸುತ್ತ ಮೊಟ್ಟೆಯ ಸಿಪ್ಪೆಯಂಥ ಬಿಳಿಯ, ಗಟ್ಟಿ ಪದರ. ಡಾಕ್ಟರು ಕತ್ತರಿಯ ತುದಿಯಿಂದ ತಟ್ಟಿದರೆ ಟಕ್ ಟಕ್ ಅಂದಿತು.

"ಇದು ಮೈ ಕಟ್ಟಿರೋ ಗೋಡೆ," ಅಂದರು. "ಒಳಗೆ ಏನೂ ಹೋಗೋಕಾಗಿಲ್ಲ. ಕಣಗಳು ಉಸಿರುಗಟ್ಟಿ ಸತ್ತಿವೆ. ಸಿಹಿ ತಿಂದ್ರೆ ಹೀಗಾಗಲ್ಲ, ಸಾಕಮ್ಮ. ರೇಷ್ಮೆಯಲ್ಲಿ ಅಂಟು ಉಳಿದಿದ್ರೆ ಆಗತ್ತೆ."

"ಮಿಕ್ಕವರದೂ ಹೀಗೇ ಇತ್ತಾ?"

"ಇದು ಆರನೇದು. ಆರೂ ಹೀಗೇ."

"ಯಾರಿಗಾದ್ರೂ ಹೇಳಿದ್ರಾ?"

ಅವರು ಕಿಟಕಿಯ ಕಡೆ ತಿರುಗಿದರು. "ಮೊದಲನೇದು ತೆಗೆದಾಗಲೇ ಮೇನೇಜರಿಗೆ ಬರೆದುಕೊಟ್ಟೆ. ನೋಡೋಣ ಅಂದ್ರು. ಎರಡನೇ ಸಲ ಬರೆದಾಗ, ಜನ ಹೆದರ್ತಾರೆ, ಸದ್ಯಕ್ಕೆ ಇದು ನಮ್ಮಲ್ಲೇ ಇರಲಿ ಅಂದ್ರು."

"ಮೊದಲನೇದು ಯಾವಾಗ ತೆಗೆದದ್ದು?"

ಅವರು ಹೇಳಿದ ದಿನ ಬುಡನ್ ಸಾಬರು ಇನ್ನೂ ಬದುಕಿದ್ದರು.

ಅಂದರೆ ನಾಗಭೂಷಣಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಮುದುಕನಿಗೆ ಸೂಜಿ ಕೊಡಲಿಲ್ಲ. ಗೊತ್ತಿದ್ದೇ ನನ್ನ ತಂಗಿಯ ಹೆಸರಿನ ಮುಂದೆ ತುಪ್ಪವೆಂದು ಬರೆದ, ಸಾಲು ನೇರವಾಗಿದೆಯೇ ನೋಡಿದ. ಡಾಕ್ಟರಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು. ಅವರ ಎದುರು ನಿಂತು ಬೈಯಬೇಕೆಂದು ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯಲಿ? ಅವರು ಒಂದೂವರೆ ತಿಂಗಳು ಸುಮ್ಮನಿದ್ದರೆ ನಾನು ಐದು ತಿಂಗಳು ಸುಮ್ಮನಿದ್ದೆ. ಆ ಬಟ್ಟಲನ್ನು ಕೊಡಿ ಅಂದೆ. ಅವರು ಏನೂ ಕೇಳದೆ ಕೊಟ್ಟರು.

ಗುರುವಾರ ಹತ್ತು ಗಂಟೆಗೆ ನಾನು ಕಲ್ಲು ಹತ್ತಿದೆ.

"ಸಾಕಮ್ಮ, ಇಳಿ," ಅಂದರು ಮೇನೇಜರು. "ನಿಂಗೆ ಗೂಡೇ ಇಲ್ಲ. ಇದು ಗೂಡಿನವರು ನಿಲ್ಲೋ ಜಾಗ."

"ಗೂಡು ಕೊಂದವರು ನಿಲ್ಲೋ ಜಾಗ ಅಂತಲ್ವಾ ನೀವು ಹೇಳ್ತಿದ್ದದ್ದು? ನಾನು ನಲವತ್ತು ಕೊಂದಿದೀನಿ," ಅಂದೆ.

ನಾನು ಹೇಳಿದೆ. ಮೂರು ಕುದಿ ಕುದಿಸಬೇಕಾದ ಕಡೆ ಒಂದು ಕುದಿಸಿದ್ದು, ಹೇಳಿದವರು ಯಾರು, ಕುದಿಸಿದವಳು ಯಾರು, ಜಾರುತ್ತಿದ್ದ ರೇಷ್ಮೆಯನ್ನು ಹಿಂಡಿ ಮಹಡಿಗೆ ಕಳಿಸಿದ್ದು. ಬಟ್ಟಲನ್ನು ಎತ್ತಿ, ಗೂಡನ್ನು ಕಲ್ಲಿಗೆ ಕುಟ್ಟಿ ಸದ್ದು ಕೇಳಿಸಿದೆ. ಆಮೇಲೆ ಆ ನಲವತ್ತು ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ಬಟ್ಟೆ ಕಟ್ಟಿದವಳು ನಾನೇ, ಒಂದೂ ಮರೆತಿರಲಿಲ್ಲ. ಹೆಸರು ಕೇಳಿದವರೆಲ್ಲ ತಮಗೆ ತಿಳಿಯದೆಯೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಹದಿನಾಲ್ಕನೆಯದು ಬುಡನ್ ಸಾಬರ ಹೆಸರು, ಅದನ್ನು ಎರಡು ಸಲ ಹೇಳಿದೆ. ಇಪ್ಪತ್ತೇಳನೆಯದು ಹೇಳುವಾಗ ಜನರ ನಡುವೆ ಹೊನ್ನಿ ನಿಂತಿದ್ದನ್ನು ಕಂಡೆ. ಅವಳು ಬರುವುದು ನನಗೆ ಗೊತ್ತಿರಲಿಲ್ಲ.

ಮೊದಲು ಬಂದದ್ದು ಒಂದು ಚಪ್ಪಲಿ. ನನ್ನ ಭುಜಕ್ಕೆ ಬಡಿಯಿತು. ಆಮೇಲೆ ಇನ್ನೊಂದು. ಬೈಗುಳ ಬಂತು. ನಾನು ಕದಲಲಿಲ್ಲ. ಖಾತೂನಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಅವರು ನಿನ್ನ ಕೇಳಿದ್ರು," ಅಂದರು. "ನಾನು ಬಾಗಿಲ ಹತ್ರಾನೇ ಇದ್ದೆ. ಎಷ್ಟು ಕುದಿ ಅಂತ ಕೇಳಿದ್ರು. ಏನಂದೆ ನೀನು?"

"ಮೂರು ಅಂದೆ."

ಅವರು ಕೈಯೆತ್ತಿದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ ಅಂದುಕೊಂಡೆ. ಆ ಕೈ ಹಾಗೇ ತಿರುಗಿ ನಾಗಭೂಷಣಯ್ಯನ ಅಂಗಿಯ ತೋಳನ್ನು ಹಿಡಿಯಿತು. "ಇವಳು ಹೇಳಿದ್ದಾಯ್ತು. ಈಗ ನೀನು ಹತ್ತು," ಅಂದರು.

"ನೋಡಿ ಅಮ್ಮ, ಇದೆಲ್ಲ ಆಫೀಸಿನ ವಿಷಯ..."

"ಹತ್ತೋ!" ಎಂದು ಖಾತೂನಮ್ಮ ಕೂಗಿದರು. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಿಂದ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹಿಂದಿನಿಂದ ನೂರು ಬಾಯಿ ಅದನ್ನೇ ಕೂಗಿತು. ಯಾರೋ ಅವನನ್ನು ಸೊಂಟ ಹಿಡಿದು ಎತ್ತಿ ನನ್ನ ಪಕ್ಕದಲ್ಲಿ ನಿಲ್ಲಿಸಿದರು. "ಮೇಲಿನಿಂದ ಒತ್ತಡ ಇತ್ತು," ಅಂದ. "ನಲವತ್ತು ಅಂತ ಕಾಗದದಲ್ಲಿ ಬರೆದು ಕಳಿಸಿಬಿಟ್ಟಿದ್ದೆ." ಅದಕ್ಕಿಂತ ಹೆಚ್ಚಿನದು ಅವನ ಬಾಯಿಂದ ಹೊರಡಲಿಲ್ಲ. ಸತ್ತ ಸಾಬರ ಹೆಸರು ಅವನು ಎತ್ತಲೇ ಇಲ್ಲ. ಖಾತೂನಮ್ಮ ಮೂರು ಸಲ ಕೇಳಿದರು, ಮೂರು ಸಲವೂ ಅವನು ತನ್ನ ಚಪ್ಪಲಿ ನೋಡಿಕೊಂಡ.

ಅವತ್ತು ಜನ ಐಸ್ ಪೆಟ್ಟಿಗೆಯ ಬೀಗ ಒಡೆದರು. ಗೂಡು ನಿಂತವರಿಗೆಲ್ಲ ಸೂಜಿ ಸಿಕ್ಕಿತು. ಇನ್ನೂ ಮೇಯುತ್ತಿದ್ದ ಇಪ್ಪತ್ತೊಂಬತ್ತು ಗೂಡುಗಳನ್ನೂ ಒಂದೊಂದಾಗಿ ಬದಲಿಸುವುದೆಂದಾಯಿತು. ಮೂರನೆಯ ವಾರ ಮೇಲಿನವರು ಬಂದು ವಿಚಾರಣೆ ಮಾಡಿದರು. ನಾಗಭೂಷಣಯ್ಯನನ್ನು ಬೇರೆ ಊರಿಗೆ ವರ್ಗ ಮಾಡಿದರು. ವರ್ಗ, ಅಷ್ಟೇ! ಹೊರಡುವ ದಿನ ಆಫೀಸಿನವರು ಬಾಗಿಲು ಹಾಕಿಕೊಂಡು ಒಳಗೇ ಅವನಿಗೆ ಶಾಲು ಹೊದಿಸಿದರಂತೆ. ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ಆ ಇಪ್ಪತ್ತೊಂಬತ್ತು, ಸಾಬರದನ್ನು ಬಿಟ್ಟು ನಿಂತ ಹತ್ತು, ಇಷ್ಟೂ ಗೂಡು ಹೊಸದಾಗಿ ಆಗಬೇಕಿತ್ತು, ಕುದಿಸಬಲ್ಲವರು ಬೇರೆ ಯಾರೂ ಇರಲಿಲ್ಲ. ಕಲ್ಲನ್ನು ಯಾರೂ ಕಿತ್ತುಹಾಕಲಿಲ್ಲ. ಕರಿಹಲಗೆಯನ್ನು ಒರೆಸಿದರು. ಎರಡು ತಿಂಗಳಾಗಿತ್ತೋ ಇಲ್ಲವೋ, ಅಂಗಡಿಯವನೊಬ್ಬ ನನ್ನೆದುರೇ, "ಆದ್ರೂ ಒಂದು ನಿಯಮ ಅಂತ ಇದ್ರೆ ಜನ ಹದ್ದುಬಸ್ತಿನಲ್ಲಿರ್ತಾರೆ," ಅಂದ. ಅವನು ಕಟ್ಟಿಕೊಟ್ಟ ಬೇಳೆಯನ್ನು ಅವನ ಮುಂದೆಯೇ ನೆಲಕ್ಕೆ ಸುರಿದು ಬಂದೆ.

ಹೊನ್ನಿ ಮಾತ್ರ ಅವತ್ತಿನಿಂದ ನನ್ನೊಡನೆ ಮಾತಾಡಲಿಲ್ಲ. ಅಡುಗೆ ಮಾಡಿದರೆ ಉಣ್ಣುತ್ತಿದ್ದಳು, ಕರೆದರೆ ತಿರುಗುತ್ತಿರಲಿಲ್ಲ. ಅವಳಿಗೆ ಹೊಸ ಗೂಡು ಇಟ್ಟ ಹತ್ತನೆಯ ದಿನ ಖಾತೂನಮ್ಮನ ಮನೆಯಿಂದ ತಳ್ಳುಗಾಡಿ ಬಂತು. ಅವಳು ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಆ ಮನೆಯ ಜಗಲಿಯಲ್ಲಿ ಹೊಲಿಗೆ ಹಾಕಿಕೊಂಡು ಅಲ್ಲೇ ಇರುತ್ತಾಳಂತೆ. ಮೆಷಿನ್ನನ್ನು ಒಬ್ಬಳೇ ಎಳೆಯುತ್ತಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಅವಳು ಬೇಡ ಅನ್ನಲಿಲ್ಲ. ಇಬ್ಬರೂ ಎತ್ತಿ ಗಾಡಿಗಿಟ್ಟೆವು.

"ಹೊನ್ನಿ, ಊರೆದುರು ಎಲ್ಲ ಹೇಳಿದೆನಲ್ಲೇ," ಅಂದೆ.

"ಊರಿಗೆ ಹೇಳ್ದೆ," ಅಂದಳು ಅವಳು. ಮೂರು ತಿಂಗಳ ಮೇಲೆ ಕೇಳಿದ ದನಿ. "ನಾನು ಮನೇಲಿ ಬಿದ್ದು ವಾಂತಿ ಮಾಡ್ಕೊಳ್ತಿದ್ದಾಗ, ತಿಂದಿಲ್ಲ ತಿಂದಿಲ್ಲ ಅಂತ ಅಳ್ತಿದ್ದಾಗ, ಪಕ್ಕದಲ್ಲೇ ಕೂತಿದ್ದೆ ನೀನು. ನನ್ನ ಕಿವೀಲಿ ಒಂದು ಮಾತು ಹೇಳೋಕಾಗ್ಲಿಲ್ಲ. ಬದಲಿಗೆ ಹೋಳಿಗೆ ಅಂತ ಹೇಳಿಕೊಟ್ಟೆ."

"ನೀನು ಉಳಿದ್ರೆ ಸಾಕು ಅನ್ನಿಸ್ತು ಕಣೇ."

"ಉಳಿದೆ. ಅದಕ್ಕೇ ಹೋಗ್ತಿದೀನಿ." ಅವಳು ಹಗ್ಗ ಬಿಗಿದು ಗಂಟು ಹಾಕಿದಳು. "ನಂಗೆ ಸಿಟ್ಟಿದೆ ಅಕ್ಕ. ಅದು ಆರೋತನಕ ಅಲ್ಲಿಗೆ ಬರ್ಬೇಡ. ಆರಿದ್ರೆ ನಾನೇ ಬರ್ತೀನಿ."

"ಆರದಿದ್ರೆ?"

"ಆರದಿದ್ರೆ ಬರಲ್ಲ," ಅಂದಳು, ಗಾಡಿ ತಳ್ಳಿಕೊಂಡು ಹೊರಟಳು.